ಅರಬ್ಬೀ ಸಮುದ್ರದ ತೇಲುಜೀವಿಗಳು: ಪ್ರವಾಹ ಮತ್ತು ಋತುಮಾನ

ನಮ್ಮ ರೋಣ ಸೀಮೆಯಲ್ಲಿ ನಳದ ನೀರು ಬರುವ ಮೊದಲು ಕೆರೆಬಾವಿಗಳ ನೀರೇ ಕುಡಿಯುವ ನೀರಾಗಿದ್ದಿತು. ಹೊತ್ತು ತಂದ ನೀರನ್ನು ಹಂಡೆಗೆ ಸುರುವುವ ಮುನ್ನ ಅದರ ಬಾಯಿಗೆ ಎರಡು ಪದರಿನ ಬಿಳಿಯ ಅರಿವೆಯನ್ನು ಹಾಸಿ ಸೋಸುವುದು ಮನೆಮನೆಯ ಪದ್ಧತಿಯಾಗಿದ್ದಿತು. ಶುಚಿತ್ವಕ್ಕಾಗಿ ನಡೆದು ಬಂದ ಈ ಆಚರಣೆಯಲ್ಲಿ ಜೀವಶಾಸ್ತ್ರದ ಒಂದು ಪಾಠವೇ ಅಡಗಿದೆ. ಸೋಸಿದ ಅರಿವೆಯನ್ನು ಗಾಜಿನ ಬಟ್ಟಲಿನ ನೀರಿನಲ್ಲಿ ಜಾಲಾಡಿ ಬಿಸಿಲಿಗೆ ಹಿಡಿದರೆ, ಸಾಸಿವೆಗಿಂತಲೂ ಸಣ್ಣವಾದ ಬಿಳಿಯ ಚುಕ್ಕೆಗಳು ಕುಪ್ಪಳಿಸುತ್ತ ಓಡಾಡುವುದು ಬರಿಗಣ್ಣಿಗೇ ಕಾಣುತ್ತದೆ. ಅವುಗಳಲ್ಲಿ ಒಂದರ ಹೆಸರು ಸೈಕ್ಲಾಪ್ಸ್. ನಾರುಹುಣ್ಣಿನ ಹುಳುವಿನ ಮರಿಗಳು ಮನುಷ್ಯನ ಹೊಟ್ಟೆಯನ್ನು ಸೇರುತ್ತಿದ್ದುದು ಈ ಸೈಕ್ಲಾಪ್ಸಿನ ಮೂಲಕವೇ. ಕಾಲಿನಿಂದ ಎಳೆಎಳೆಯಾಗಿ ಹೊರಬರುತ್ತಿದ್ದ ಆ ಹುಳುವಿನ ಸಂಕಟವನ್ನು ಉತ್ತರ ಕರ್ನಾಟಕದ ಹಿರಿಯರು ಮರೆತಿರಲಾರರು. 2000ದ ಫೆಬ್ರುವರಿಯಲ್ಲಿ ಭಾರತವು ಈ ರೋಗದಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು. ಆ ಯಶಸ್ಸಿಗೆ ಕಾರಣವಾದ ಸಾಧನಗಳಲ್ಲಿ ನೀರು ಸೋಸುವ ಅರಿವೆಯೂ ಒಂದು.

ಸಮುದ್ರ ವಿಜ್ಞಾನಿಯು ಹಡಗಿನಿಂದ ಇಳಿಬಿಡುವ ಬಲೆಯೂ ತತ್ತ್ವದಲ್ಲಿ ಈ ಅರಿವೆಯೇ. ಕಬ್ಬಿಣದ ಬಳೆಗೆ ಹೊಲಿದ, ತುದಿಯಲ್ಲಿ ಒಂದು ಬಾಟಲಿಯನ್ನು ಕಟ್ಟಿದ, ಕೊಳವೆಯಾಕಾರದ ನವಿರಾದ ಬಟ್ಟೆ ಅದು. ಅದರಲ್ಲಿ ಸಿಕ್ಕುವ, ತಾವಾಗಿ ದೂರ ಈಜಲಾರದೆ ನೀರು ಒಯ್ದತ್ತ ಸಾಗುವ ಜೀವಿಗಳಿಗೆ ಜರ್ಮನಿಯ ವಿಕ್ಟರ್ ಹೆನ್ಸೆನ್ ಎಂಬ ವಿದ್ವಾಂಸನು 1887ರಲ್ಲಿ ಪ್ಲಾಂಕ್ಟನ್ ಎಂದು ಹೆಸರಿಟ್ಟನು. ಅಲೆದಾಡುವುದು ಎಂಬರ್ಥದ ಗ್ರೀಕ್ ಶಬ್ದವೇ ಅದಕ್ಕೆ ಮೂಲ. ಕನ್ನಡದಲ್ಲಿ ನಾವು ಪ್ಲವಕಗಳು ಎನ್ನುತ್ತೇವೆ. ಸೂರ್ಯನ ಬೆಳಕಿನಿಂದ ತಮ್ಮ ಆಹಾರವನ್ನು ತಾವೇ ಸಿದ್ಧಪಡಿಸಿಕೊಳ್ಳುವಂಥವು ಸಸ್ಯಪ್ಲವಕಗಳು. ಅವನ್ನಾಗಲಿ, ಒಂದನ್ನೊಂದಾಗಲಿ ತಿಂದು ಬದುಕುವಂಥವು ಪ್ರಾಣಿಪ್ಲವಕಗಳು. ಭೂಮಿಯ ಮೇಲೆ ನಡೆಯುವ ಒಟ್ಟು ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧಭಾಗವು ಸಮುದ್ರದ ಈ ಸಸ್ಯಪ್ಲವಕಗಳಿಂದಲೇ ಆಗುತ್ತದೆ ಎಂದರೆ ಅವುಗಳ ಮಹತ್ವವು ಮನದಟ್ಟಾದೀತು. ಆದರೆ ಈ ಬೆಳೆಯನ್ನು ಮೀನಿಗೂ ತಿಮಿಂಗಿಲಕ್ಕೂ ತಲುಪಿಸುವವರು ಬಹುಮಟ್ಟಿಗೆ ಪ್ರಾಣಿಪ್ಲವಕಗಳು. ಪ್ರಸ್ತುತ ಲೇಖನವು ಅವುಗಳನ್ನು ಕುರಿತದ್ದು.

ಕಡಲು ಅಸೂಟಿಯಿಂದ ಪಶ್ಚಿಮಕ್ಕೆ ಸುಮಾರು 200 ಕಿಲೋಮೀಟರಿನಷ್ಟು ದೂರ. ಮೀನು ನಮ್ಮ ಪಂಕ್ತಿಯ ಪದಾರ್ಥವಲ್ಲ. ಹೀಗಿರುವಾಗ ಎರಿ ಭೂಮಿಯ ನಡುವೆ ಕುಳಿತು ಕಡಲ ಹುಳಗಳ ಅಭ್ಯಾಸವೇಕೆ ಎಂದು ವಾಚಕರು ಕೇಳಬಹುದು. ತರಗತಿಯಲ್ಲಿ ಒಬ್ಬ ವಿದ್ಯಾರ್ಥಿಯು ಇದೇ ಪ್ರಶ್ನೆಯನ್ನು ಕೇಳಿದಾಗ ನಾನು ಕೊಟ್ಟ ಉತ್ತರವು ಅಷ್ಟು ಸಮರ್ಪಕವಾಗಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡುದನ್ನು ಇಲ್ಲಿ ನಿರೂಪಿಸಲು ಪ್ರಯತ್ನಿಸಿದ್ದೇನೆ. ನಮ್ಮ ಹೊಲಕ್ಕೆ ಮಳೆಯನ್ನು ತರುವ ಗಾಳಿಯೇ ಕಡಲಿನಲ್ಲಿ ಈ ಜೀವಿಗಳ ಬೆಳೆಯನ್ನೂ ಎಬ್ಬಿಸುತ್ತದೆ. ಮತ್ತು ನಮ್ಮ ಹೊಲದಿಂದ ಹರಿದುಹೋದ ನೀರು ಬಹುದೂರ ಸುತ್ತಿ ಆ ಜೀವಿಗಳ ನೆರೆಗೇ ಹೋಗಿ ಸೇರುತ್ತದೆ. ಇವೆರಡೂ ಸಂಬಂಧಗಳನ್ನು ಒಂದೊಂದಾಗಿ ನೋಡೋಣ.

ಎರಡು ಮುಖದ ಪ್ರವಾಹ

ಜಗತ್ತಿನ ಬೇರೆ ಮಹಾಸಾಗರಗಳಲ್ಲಿ ದೊಡ್ಡ ಪ್ರವಾಹಗಳು ವರ್ಷವಿಡೀ ಬಹುಮಟ್ಟಿಗೆ ಒಂದೇ ದಿಕ್ಕಿಗೆ ಹರಿಯುತ್ತವೆ. ಹಿಂದೂ ಮಹಾಸಾಗರದ ಉತ್ತರಭಾಗದಲ್ಲಿ ಹಾಗಲ್ಲ. ಇಲ್ಲಿ ಮಾನ್ಸೂನ್ ಗಾಳಿ ವರ್ಷಕ್ಕೆರಡು ಸಲ ದಿಕ್ಕು ಬದಲಿಸುವುದರಿಂದ ಪ್ರವಾಹಗಳೂ ಹಿಂದುಮುಂದಾಗಿ ಹರಿಯುತ್ತವೆ. ಕರ್ನಾಟಕದ ಕರಾವಳಿಯ ಮುಂದೆ, ಮಂಗಳೂರಿನಿಂದ ಕಾರವಾರದವರೆಗೆ, ಜೂನ್‌ನಿಂದ ಸೆಪ್ಟೆಂಬರಿನವರೆಗೆ ಪ್ರವಾಹವು ದಕ್ಷಿಣಾಭಿಮುಖವಾಗಿರುತ್ತದೆ. ನವೆಂಬರಿನಿಂದ ಫೆಬ್ರುವರಿಯವರೆಗೆ ಉತ್ತರಾಭಿಮುಖವಾಗಿರುತ್ತದೆ. ಆದ್ದರಿಂದ ಮಲ್ಪೆಯ ಮುಂದಿನ ನೀರನ್ನು ಆಗಸ್ಟಿನಲ್ಲಿ ಸೋಸಿದವನೂ ಜನವರಿಯಲ್ಲಿ ಸೋಸಿದವನೂ ಒಂದೇ ಸ್ಥಳದಲ್ಲಿ ಬಲೆಯಿಳಿಸಿದರೂ ಒಂದೇ ನೀರನ್ನು ಸೋಸಿದಂತಾಗುವುದಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದಿನ ವಿಷಯವೆಲ್ಲ ಇದರಿಂದಲೇ ಹುಟ್ಟುತ್ತದೆ.

ಮುಂಗಾರಿನ ಗಾಳಿ ನೈಋತ್ಯದಿಂದ ಬರುತ್ತದೆಯಾದರೂ ನಮ್ಮ ಕರಾವಳಿಯ ಸಮೀಪದಲ್ಲಿ ಅದು ಪಶ್ಚಿಮ-ವಾಯವ್ಯಕ್ಕೆ ತಿರುಗಿಕೊಂಡು ದಂಡೆಯ ಗುಂಟ ದಕ್ಷಿಣಕ್ಕೂ ಒತ್ತುತ್ತದೆ. ಭೂಮಿಯು ತನ್ನ ಅಕ್ಷದ ಮೇಲೆ ತಿರುಗುತ್ತಿರುವುದರಿಂದ ಉತ್ತರಾರ್ಧ ಗೋಳದಲ್ಲಿ ಗಾಳಿ ತಳ್ಳಿದ ಮೇಲ್ನೀರು ಗಾಳಿಯ ಬಲಗಡೆಗೆ ಸರಿಯುತ್ತದೆ. ದಕ್ಷಿಣಕ್ಕೆ ಮುಖಮಾಡಿ ನಿಂತವನಿಗೆ ಬಲಗಡೆಯೆಂದರೆ ಪಶ್ಚಿಮ. ಅಂದರೆ ಮೇಲ್ನೀರು ದಂಡೆಯನ್ನು ಬಿಟ್ಟು ಕಡಲಿನ ಒಳಗೆ ಸಾಗುತ್ತದೆ. ತೆರವಾದ ಜಾಗವನ್ನು ತುಂಬಲು ಆಳದ ತಣ್ಣೀರು ಮೇಲೇಳುತ್ತದೆ. ಏಪ್ರಿಲ್-ಮೇ ತಿಂಗಳಿನಲ್ಲಿ 30 ಡಿಗ್ರಿ ಸೆಲ್ಸಿಯಸ್ಸಿನಷ್ಟು ಬಿಸಿಯಾಗಿದ್ದ ಕಡಲಿನಲ್ಲಿ ಮಳೆಗಾಲದಲ್ಲಿ ಕೆಲವೇ ಮೀಟರುಗಳ ಕೆಳಗೆ ಅದಕ್ಕಿಂತ ಬಹಳ ತಂಪಾದ ನೀರು ದೊರೆಯುವುದು ಇದರಿಂದಲೇ. ಈ ಕ್ರಿಯೆಯು ಮೇ-ಜೂನ್ ಸುಮಾರಿಗೆ ಕನ್ಯಾಕುಮಾರಿಯ ಕಡೆಯಲ್ಲಿ ಮೊದಲಾಗಿ, ಮೆಲ್ಲಮೆಲ್ಲನೆ ಉತ್ತರಕ್ಕೆ ಹಬ್ಬುತ್ತ ನಮ್ಮ ರಾಜ್ಯದ ಕರಾವಳಿಯನ್ನು ತಲುಪುತ್ತದೆ. ನಮ್ಮಲ್ಲಿ ಮಿರಗ, ಆರಿದ್ರಾ ಮಳೆಗಳ ಲೆಕ್ಕವನ್ನು ರೈತರು ಹಾಕುತ್ತಿರುವಾಗ ಅಲ್ಲಿ ಕಡಲಿನ ಉಳುಮೆ ನಡೆದಿರುತ್ತದೆಂದು ಹೇಳಬಹುದು.

ಉಳುಮೆ ಎಂಬ ಶಬ್ದವನ್ನು ಸುಮ್ಮನೆ ಬಳಸಿಲ್ಲ. ಸತ್ತು ಮುಳುಗಿದ ಜೀವಿಗಳೆಲ್ಲ ಆಳದಲ್ಲಿ ಕೊಳೆಯುವುದರಿಂದ ನೈಟ್ರೇಟು, ಫಾಸ್ಫೇಟು ಮೊದಲಾದ ಪೋಷಕ ಲವಣಗಳು ಅಲ್ಲಿಯೇ ಸಂಗ್ರಹವಾಗಿರುತ್ತವೆ. ಬೆಳಕಿರುವುದು ಮೇಲೆ, ಗೊಬ್ಬರವಿರುವುದು ಕೆಳಗೆ. ಮೇಲೇಳುವ ನೀರು ಇವೆರಡನ್ನೂ ಒಂದೆಡೆಗೆ ತರುತ್ತದೆ. ಆಗ ಡಯಾಟಮ್ ಎಂಬ ಗಾಜಿನ ಕವಚದ ಸಸ್ಯಪ್ಲವಕಗಳು ಕೆಲವೇ ದಿನಗಳಲ್ಲಿ ಅಸಂಖ್ಯಾತವಾಗಿ ಬೆಳೆಯುತ್ತವೆ. ಅವನ್ನು ಮೇಯಲು ಪ್ರಾಣಿಪ್ಲವಕಗಳ ಹಿಂಡು ಸಿದ್ಧವಾಗುತ್ತದೆ.

ಋತುವಿಗೊಂದು ಹಿಂಡು

ಪ್ರಾಣಿಪ್ಲವಕಗಳಲ್ಲಿ ಎಲ್ಲ ಕಾಲಕ್ಕೂ ಸಂಖ್ಯೆಯಲ್ಲಿ ಮುಂದಿರುವವು ಕೋಪಿಪಾಡ್‌ಗಳು. ನಮ್ಮ ಕೆರೆಯ ಸೈಕ್ಲಾಪ್ಸ್ ಈ ವರ್ಗಕ್ಕೇ ಸೇರಿದ್ದು. ಅಕ್ಕಿಯ ಕಾಳಿನಷ್ಟೋ ಅದಕ್ಕಿಂತ ಸಣ್ಣದೋ ಆದ ದೇಹ, ಮೀಸೆಯಂಥ ಉದ್ದನೆಯ ಎರಡು ಸ್ಪರ್ಶಾಂಗಗಳು, ಹಲವು ಜೊತೆ ಕಾಲುಗಳು. ಸಿಗಡಿಯ ದೂರದ ನೆಂಟರೆನ್ನಬಹುದು. ಬೇಸಿಗೆಯ ಕಡಲು ತಿಳಿಯಾಗಿ, ಗೊಬ್ಬರವಿಲ್ಲದ ಹೊಲದಂತೆ ಇರುತ್ತದೆ. ಆಗ ಬಲೆಗೆ ಸಣ್ಣ ಜಾತಿಯ ಕೋಪಿಪಾಡ್‌ಗಳು, ಪಾರದರ್ಶಕವಾದ ಸ್ಯಾಲ್ಪ್‌ಗಳು ಸಿಕ್ಕುತ್ತವೆ. ಕೆಲವು ವರ್ಷ ಫೆಬ್ರುವರಿಯಿಂದ ಮೇ ತಿಂಗಳಿನವರೆಗೆ ಟ್ರೈಕೊಡೆಸ್ಮಿಯಮ್ ಎಂಬ ನೀಲಿ-ಹಸಿರು ಪಾಚಿಯು ಕಡಲಿನ ಮೇಲೆ ಮರದ ಹೊಟ್ಟು ಚೆಲ್ಲಿದಂತೆ ಕಂದುಬಣ್ಣದ ಪಟ್ಟಿಗಳಾಗಿ ತೇಲುತ್ತದೆ; ಅದನ್ನು ಮೇಯುವ ಪ್ರಾಣಿಗಳು ಕಡಿಮೆ.

ಮಳೆಗಾಲದಲ್ಲಿ ಹಿಂಡಿನ ಸ್ವರೂಪವೇ ಬೇರೆ. ಜಾತಿಗಳ ವೈವಿಧ್ಯ ಇಳಿಯುತ್ತದೆ, ಕೆಲವೇ ಜಾತಿಗಳ ಸಂಖ್ಯೆ ವಿಪರೀತವಾಗಿ ಏರುತ್ತದೆ. ಪೆನಿಲಿಯಾ ಮತ್ತು ಎವಾಡ್ನೆ ಎಂಬ ಎರಡು ನೀರುಚಿಗಟೆಗಳು ಇದಕ್ಕೆ ಒಳ್ಳೆಯ ಉದಾಹರಣೆ. ಇವುಗಳ ಹೆಣ್ಣುಗಳು ಗಂಡಿನ ಸಂಪರ್ಕವಿಲ್ಲದೆಯೇ ಮರಿಗಳನ್ನು ಹೆರಬಲ್ಲವು. ಆದ್ದರಿಂದ ಅನುಕೂಲ ಒದಗಿದೊಡನೆ ಕಡಲಿನ ನೀರು ಅವುಗಳಿಂದ ತುಂಬಿಹೋಗುತ್ತದೆ. ಪ್ರತಿಕೂಲ ಕಾಲ ಬಂದಾಗ ಮಾತ್ರ ಗಂಡುಗಳು ಹುಟ್ಟಿ, ದಪ್ಪ ಕವಚದ ವಿಶ್ರಾಂತಿ ತತ್ತಿಗಳು ಸಿದ್ಧವಾಗಿ ತಳದ ಕೆಸರಿಗೆ ಬಿದ್ದು ಮುಂದಿನ ಋತುವನ್ನು ಕಾಯುತ್ತವೆ. ಬೇಸಿಗೆಯಲ್ಲಿ ಬತ್ತಿ ಬಿರಿತ ನಮ್ಮ ಕೆರೆಯ ಅಂಗಳದ ಹೆಂಟೆಯೊಂದನ್ನು ತಂದು ನೀರಿನಲ್ಲಿ ನೆನೆಹಾಕಿದರೆ ಎಂಟು-ಹತ್ತು ದಿನಗಳಲ್ಲಿ ಅದರಿಂದಲೂ ಇಂಥವೇ ನೀರುಚಿಗಟೆಗಳು ಹುಟ್ಟಿಬರುವುದನ್ನು ಮಕ್ಕಳಿಗೆ ತೋರಿಸಬಹುದು.

ಇನ್ನೂ ಆಶ್ಚರ್ಯಕರವಾದುದು ಅರಬ್ಬೀ ಸಮುದ್ರದ ಪಶ್ಚಿಮ ಅಂಚಿನಲ್ಲಿ, ಸೊಮಾಲಿಯಾ-ಓಮಾನ್ ದೇಶಗಳ ಮುಂದೆ ನಡೆಯುತ್ತದೆ. ಕ್ಯಾಲನಾಯ್ಡಿಸ್ ಕ್ಯಾರಿನೇಟಸ್ ಎಂಬ ಕೋಪಿಪಾಡ್ ಮುಂಗಾರಿನ ತಿಂಗಳುಗಳಲ್ಲಿ ಮೇಲ್ನೀರಿನಲ್ಲಿ ಮೇದು ಮೈಯಲ್ಲಿ ಎಣ್ಣೆ ತುಂಬಿಕೊಂಡು, ಪ್ರೌಢವಾಗುವ ಮುಂಚಿನ ಹಂತದಲ್ಲಿ ನೂರಾರು ಮೀಟರು ಆಳಕ್ಕಿಳಿದು, ಉಣ್ಣದೆ ಬೆಳೆಯದೆ ಉಳಿದ ತಿಂಗಳುಗಳನ್ನು ಕಳೆಯುತ್ತದೆ. ಮತ್ತೆ ಆಳದ ನೀರು ಮೇಲೇಳುವ ಕಾಲಕ್ಕೆ ಅದೂ ಮೇಲೆ ಬಂದು ಸಂತಾನವನ್ನು ಮುಂದುವರಿಸುತ್ತದೆ. ಪ್ರವಾಹಕ್ಕೆ ಸಿಕ್ಕ ಕಸದಂತೆ ಇವು ಸಾಗುತ್ತವೆಂದು ಹೇಳುವುದು ಅರ್ಧಸತ್ಯವೆಂಬುದು ಇದರಿಂದ ತಿಳಿಯುತ್ತದೆ. ಎಷ್ಟೋ ಜಾತಿಯ ಪ್ರಾಣಿಪ್ಲವಕಗಳು ಹಗಲು ಕೆಳಗಿಳಿದು ರಾತ್ರಿ ಮೇಲೇರುತ್ತವೆ. ಮೇಲ್ಪದರಿನ ನೀರು ಒಂದು ದಿಕ್ಕಿಗೂ ಕೆಳಪದರಿನ ನೀರು ಇನ್ನೊಂದು ದಿಕ್ಕಿಗೂ ಹರಿಯುವಲ್ಲಿ, ಪದರು ಬದಲಿಸುವುದರಿಂದಲೇ ಅವು ತಮ್ಮ ನೆಲೆಯಿಂದ ಬಹುದೂರ ಹೋಗದಂತೆ ಉಳಿಯಬಲ್ಲವು.

ಆದರೆ ಕರ್ನಾಟಕದ ಕರಾವಳಿಯಲ್ಲಿ ಮಳೆಗಾಲದ ಸಮೃದ್ಧಿಗೆ ಒಂದು ಕುಂದೂ ಇದೆ. ಮೇಲೇಳುವ ಆಳದ ನೀರಿನಲ್ಲಿ ಗೊಬ್ಬರ ಹೆಚ್ಚು, ಆಮ್ಲಜನಕ ಕಡಿಮೆ. ಪಶ್ಚಿಮ ಘಟ್ಟದ ಮಳೆಯಿಂದ ಕಾಳಿ, ಶರಾವತಿ, ನೇತ್ರಾವತಿ ಮೊದಲಾದ ಹೊಳೆಗಳು ತಂದ ಸಿಹಿನೀರು ಹಗುರವಾದ್ದರಿಂದ ಕಡಲಿನ ಮೇಲೆ ತೆಳುವಾದ ಮುಚ್ಚಳದಂತೆ ಹರಡಿಕೊಳ್ಳುತ್ತದೆ. ಆ ಮುಚ್ಚಳದಿಂದಾಗಿ ಕೆಳಗಿನ ನೀರಿಗೆ ಗಾಳಿಯ ಸಂಪರ್ಕ ತಪ್ಪುತ್ತದೆ. ಮೇಲಿನಿಂದ ಉದುರುವ ಸತ್ತ ಪ್ಲವಕಗಳು ಕೊಳೆತು ಉಳಿದ ಆಮ್ಲಜನಕವನ್ನೂ ಹೀರುತ್ತವೆ. ಸೆಪ್ಟೆಂಬರ್-ಅಕ್ಟೋಬರ್ ತಿಂಗಳಿನಲ್ಲಿ ಗೋವೆಯಿಂದ ಕೆಳಗಿನ ಕರಾವಳಿಯ ತಳನೀರು ಹಲವೆಡೆ ಉಸಿರುಗಟ್ಟುವ ಸ್ಥಿತಿಗೆ ಬರುತ್ತದೆ. ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಸಂಶೋಧಕರು ಕಾಂದೋಳಿಯ ಮುಂದಿನ ಒಂದು ಸ್ಥಳದಲ್ಲಿ 1997ರಿಂದ ಇದನ್ನು ಅಳೆಯುತ್ತ ಬಂದಿದ್ದಾರೆ. ಇಂಥ ವೇಳೆಯಲ್ಲಿ ಬಹುಪಾಲು ಪ್ರಾಣಿಪ್ಲವಕಗಳು ಮೇಲಿನ ಕೆಲವೇ ಮೀಟರುಗಳಲ್ಲಿ ದಟ್ಟೈಸಿ ನಿಲ್ಲಬೇಕಾಗುತ್ತದೆ. ಮೀನುಗಳಿಗೆ ಅದು ಸುಗ್ಗಿ.

ಮಲಪ್ರಭೆಯ ನೀರಿನ ದೂರದ ದಾರಿ

ಚಳಿಗಾಲದ ಪ್ರವಾಹವು ಬಹುಕಾಲ ವಿದ್ವಾಂಸರನ್ನು ಬೆರಗುಗೊಳಿಸಿದ್ದಿತು. ನವೆಂಬರಿನಿಂದ ಫೆಬ್ರುವರಿಯವರೆಗೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಗಾಳಿ ಉತ್ತರದ ಕಡೆಯಿಂದ ಬೀಸುತ್ತದೆ. ಹಾಗಿದ್ದರೂ ಪ್ರವಾಹವು ಆ ಗಾಳಿಗೆ ಎದುರಾಗಿ ಉತ್ತರಕ್ಕೆ ಹರಿಯುತ್ತದೆ. ಗಾಳಿಯೇ ಪ್ರವಾಹದ ತಾಯಿಯೆಂದು ಪಾಠ ಹೇಳಿದ ಮಾಸ್ತರನು ಇಲ್ಲಿ ತಡವರಿಸಬೇಕಾಗುತ್ತದೆ. 1990ರ ದಶಕದಲ್ಲಿ ಸತೀಶ ಶೆಟ್ಯೆ ಮೊದಲಾದ ಭಾರತೀಯ ಸಾಗರ ವಿಜ್ಞಾನಿಗಳೂ ಅಮೆರಿಕೆಯ ಅವರ ಸಹೋದ್ಯೋಗಿಗಳೂ ಮಾಡಿದ ಅಭ್ಯಾಸಗಳಿಂದ ಇದರ ಉತ್ತರ ಸ್ಪಷ್ಟವಾಯಿತು. ಬಂಗಾಲ ಉಪಸಾಗರದ ಮೇಲೆ ಬೀಸಿದ ಗಾಳಿಯು ಎಬ್ಬಿಸಿದ ದೀರ್ಘ ಅಲೆಗಳು ದಂಡೆಯನ್ನು ಬಲಗಡೆಗಿಟ್ಟುಕೊಂಡು ಶ್ರೀಲಂಕೆಯನ್ನು ಸುತ್ತಿ ಪಶ್ಚಿಮ ಕರಾವಳಿಗೆ ಬರುತ್ತವೆ. ಅವುಗಳ ಪ್ರಭಾವದಿಂದಲೂ, ದಕ್ಷಿಣದಲ್ಲಿ ಉಪ್ಪು ಕಡಿಮೆಯಿರುವ ಹಗುರ ನೀರು ಸೇರಿ ಮಟ್ಟ ಏರುವುದರಿಂದಲೂ ಪ್ರವಾಹವು ಉತ್ತರಕ್ಕೆ ತಿರುಗುತ್ತದೆ.

ಆ ಹಗುರ ನೀರು ಬರುವುದು ಬಂಗಾಲ ಉಪಸಾಗರದಿಂದ. ಅರಬ್ಬೀ ಸಮುದ್ರದ ಮೇಲ್ನೀರಿನ ಒಂದು ಕಿಲೋಗ್ರಾಮಿನಲ್ಲಿ 35-36 ಗ್ರಾಂ ಉಪ್ಪಿದ್ದರೆ, ಬಂಗಾಲ ಉಪಸಾಗರದ ಉತ್ತರಭಾಗದಲ್ಲಿ ಮಳೆಗಾಲದ ನಂತರ ಅದು 30 ಗ್ರಾಮಿಗಿಂತಲೂ ಇಳಿಯುತ್ತದೆ. ಗಂಗಾ-ಬ್ರಹ್ಮಪುತ್ರೆಗಳು, ಮಹಾನದಿ, ಗೋದಾವರಿ, ಬರ್ಮಾದ ಇರಾವತಿ ಇವುಗಳ ನೀರೆಲ್ಲ ಅಲ್ಲಿಗೇ ಹರಿಯುವುದು ಇದಕ್ಕೆ ಕಾರಣ. ಕೃಷ್ಣೆಯ ಪಾಲು ಇವಕ್ಕೆ ಹೋಲಿಸಿದರೆ ಸಣ್ಣದು. ಆದರೆ ಆ ಸಣ್ಣ ಪಾಲಿನಲ್ಲಿ ನಮ್ಮದೂ ಇದೆ.

ಮಲಪ್ರಭೆಯು ಹುಟ್ಟುವ ಕಣಕುಂಬಿಯು ಘಟ್ಟದ ಅಂಚಿನಲ್ಲಿದೆ. ಅರಬ್ಬೀ ಸಮುದ್ರವು ಅಲ್ಲಿಂದ ಬಹು ಸಮೀಪ. ಆದರೂ ಆ ನದಿ ಸಮೀಪದ ಕಡಲಿಗೆ ಬೆನ್ನು ತಿರುಗಿಸಿ ಪೂರ್ವಕ್ಕೆ ಹೊರಟು, ನವಿಲುತೀರ್ಥದ ಅಣೆಕಟ್ಟನ್ನು ದಾಟಿ, ಬೆಣ್ಣೆಹಳ್ಳವನ್ನೂ ನಮ್ಮ ಸೀಮೆಯ ಹಳ್ಳಗಳನ್ನೂ ಕೂಡಿಸಿಕೊಂಡು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಮುಂದೆ ನಾರಾಯಣಪುರ, ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡೆಯ ಪ್ರಕಾಶಂ ಬ್ಯಾರೇಜು ಇವನ್ನೆಲ್ಲ ದಾಟಿ ಉಳಿದ ನೀರು ಹಂಸಲದೀವಿಯ ಬಳಿ ಕಡಲಿಗಿಳಿಯುತ್ತದೆ. ಇಷ್ಟು ಅಣೆಕಟ್ಟುಗಳ ಮೂಲಕ ಸಾಧಾರಣ ವರ್ಷಗಳಲ್ಲಿ ಕಡಲನ್ನು ಮುಟ್ಟುವ ನೀರು ಅಲ್ಪವೇ ಸರಿ. 2009ರ ಅಕ್ಟೋಬರಿನಂಥ ನೆರೆಯ ಕಾಲದಲ್ಲಿ ಹಾಗಲ್ಲ. ಆ ವರ್ಷ ರೋಣ, ನರಗುಂದ ತಾಲೂಕುಗಳ ಹೊಳೆದಂಡೆಯ ಹಳ್ಳಿಗಳು ನೀರಿನಲ್ಲಿ ನಿಂತುದನ್ನು ಯಾರೂ ಮರೆತಿಲ್ಲ. ಅದೇ ಅಕ್ಟೋಬರ್ 5ರಂದು ಪ್ರಕಾಶಂ ಬ್ಯಾರೇಜಿನಿಂದ ಕಡಲಿನತ್ತ ಹರಿದ ನೀರು 11 ಲಕ್ಷ ಕ್ಯೂಸೆಕ್ಸಿಗೂ ಮಿಕ್ಕಿದ್ದಿತು.

ಆ ನೀರು ಮುಂದೇನಾಯಿತು? ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಭಾರತದ ಪೂರ್ವ ಕರಾವಳಿಯ ಪ್ರವಾಹವು ದಕ್ಷಿಣಕ್ಕೆ ಹರಿಯುತ್ತದೆ. ಶ್ರೀಲಂಕೆಯನ್ನು ಬಳಸಿಕೊಂಡು ಅದರ ಒಂದು ಭಾಗವು ಪಶ್ಚಿಮ ಕರಾವಳಿಯ ಚಳಿಗಾಲದ ಪ್ರವಾಹವನ್ನು ಸೇರಿ ಉತ್ತರಕ್ಕೆ ಸಾಗುತ್ತದೆ. ಕೃಷ್ಣೆಯ ಮುಖದಿಂದ ಕಾರವಾರದವರೆಗೆ ಈ ದಾರಿಯು ಸುಮಾರು 2,500 ಕಿಲೋಮೀಟರಿನಷ್ಟಾಗುತ್ತದೆ. ಸೆಕೆಂಡಿಗೆ ಕಾಲು ಮೀಟರು ವೇಗವೆಂದು ಹಿಡಿದರೆ ದಿನಕ್ಕೆ 21-22 ಕಿಲೋಮೀಟರು, ಒಟ್ಟು ನಾಲ್ಕು ತಿಂಗಳಿಗೆ ಸ್ವಲ್ಪ ಕಡಿಮೆ. ಎಲ್ಲ ನೀರೂ ಈ ದಾರಿಯನ್ನೇ ಹಿಡಿಯುವುದಿಲ್ಲ, ಹಿಡಿದ ನೀರೂ ದಾರಿಯಲ್ಲಿ ಇತರ ನೀರಿನೊಡನೆ ಬೆರೆಯುತ್ತದೆ. ಇದು ಕರಿಹಲಗೆಯ ಮೇಲಿನ ಸ್ಥೂಲ ಲೆಕ್ಕವಷ್ಟೆ. ಆದರೂ ಹಸ್ತ ಮಳೆಗೆ ಎರಿಯಲ್ಲಿ ಬಿತ್ತಿದ ಬಿಳಿಜೋಳವು ಕಟಾವಿಗೆ ಬರುವ ಹೊತ್ತಿಗೆ, ಅದೇ ಮಳೆಯ ಹಳ್ಳದ ನೀರಿನ ಒಂದು ಅಂಶವು ಹಿಂದೂಸ್ಥಾನದ ಅರ್ಧ ಪ್ರದಕ್ಷಿಣೆ ಹಾಕಿ ಕಾರವಾರದ ಮುಂದೆ ಬಂದಿರಬಹುದೆಂಬುದನ್ನು ಮಕ್ಕಳು ಬಾಯಿ ತೆರೆದು ಕೇಳುತ್ತಾರೆ. ಬೆಚ್ಚಗಿನ ಕಡಲಿನಲ್ಲಿ ಸಣ್ಣ ಕೋಪಿಪಾಡಿನ ಒಂದು ತಲೆಮಾರು ಎರಡು-ಮೂರು ವಾರಗಳಲ್ಲಿ ಮುಗಿಯುತ್ತದೆ. ಹಾಗಾದರೆ ಹಂಸಲದೀವಿಯಲ್ಲಿ ಆ ನೀರಿನ ಜೊತೆಗೆ ಹೊರಟ ಕೋಪಿಪಾಡುಗಳು ತಾವೇ ಕಾರವಾರವನ್ನು ಕಾಣುವುದಿಲ್ಲ. ಕಾಣುವುದು ಅವುಗಳ ಮುಂದಿನ ತಲೆಮಾರು.

ಈ ಋತುವಿನಲ್ಲಿ ತೆರೆದ ಕಡಲಿನ ಜಾತಿಗಳು ದಂಡೆಯ ಸಮೀಪಕ್ಕೆ ಬರುವುದರಿಂದ ಬಲೆಯಲ್ಲಿ ವೈವಿಧ್ಯ ಹೆಚ್ಚುತ್ತದೆ. ಸ್ಯಾಜಿಟ್ಟಾ ಎಂಬ ಬಾಣಹುಳುಗಳು, ಸರಪಳಿಯಂತೆ ಹೆಣೆದುಕೊಂಡ ಸೈಫನೋಫೋರ್‌ಗಳು, ಏಡಿ-ಸಿಗಡಿಗಳ ಮರಿಗಳು ಆಗ ಕಾಣಸಿಗುತ್ತವೆ. ಬಾಣಹುಳುವಿನ ಜಾತಿಯನ್ನು ಗುರುತಿಸಿ ನೀರು ಎಲ್ಲಿಂದ ಬಂದುದೆಂದು ಊಹಿಸುವ ಪದ್ಧತಿಯು ಬಹಳ ಹಿಂದಿನಿಂದಲೂ ಪ್ಲವಕ ಶಾಸ್ತ್ರದಲ್ಲಿದೆ. 2020ರ ಕೊನೆಯ ತಿಂಗಳುಗಳಲ್ಲಿ ನಮ್ಮ ಕರಾವಳಿಯ ಕೆಲವೆಡೆ ರಾತ್ರಿ ಅಲೆಗಳು ನೀಲಿಯಾಗಿ ಮಿನುಗಿದ್ದನ್ನು ಪತ್ರಿಕೆಗಳಲ್ಲಿ ಓದಿದವರಿರಬಹುದು. ಅದು ನಾಕ್ಟಿಲೂಕ ಎಂಬ ಏಕಕೋಶ ಜೀವಿಯ ಬೆಳಕು.

ಅಳೆದವರು, ಅಳೆಯದ ತಿಂಗಳುಗಳು

ಭಾರತದ ಸುತ್ತಲಿನ ಪ್ರಾಣಿಪ್ಲವಕಗಳ ವ್ಯವಸ್ಥಿತ ಗಣನೆಯು 1960ರಿಂದ 1965ರವರೆಗೆ ನಡೆದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಅನ್ವೇಷಣೆಯಿಂದ ಮೊದಲಾಯಿತೆನ್ನಬಹುದು. ಹಲವು ದೇಶಗಳ ಸುಮಾರು 40 ಹಡಗುಗಳು ಅದರಲ್ಲಿ ಭಾಗವಹಿಸಿದವು. ಭಾರತದ ಪರವಾಗಿ ಹೊರಟ ಮುಖ್ಯ ಹಡಗು ನೌಕಾದಳದ ಐ.ಎನ್.ಎಸ್. ಕಿಸ್ತ್ನಾ. ಇಂಗ್ಲಿಷರ ಉಚ್ಚಾರದಲ್ಲಿ ಹಾಗಾಗಿದೆ. ಹಡಗಿಗಿಟ್ಟುದು ನಮ್ಮ ಕೃಷ್ಣಾ ನದಿಯ ಹೆಸರೇ. ಎಲ್ಲ ಹಡಗುಗಳೂ ಒಂದೇ ಮಾದರಿಯ ಬಲೆಯನ್ನು ಬಳಸಬೇಕೆಂದು ನಿಯಮವಾಗಿದ್ದಿತು: ಒಂದು ಚದರ ಮೀಟರು ಬಾಯಿ, ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು ಕಣ್ಣು, 200 ಮೀಟರು ಆಳದಿಂದ ನೇರವಾಗಿ ಮೇಲಕ್ಕೆ. ಸಂಗ್ರಹಿಸಿದ ಮಾದರಿಗಳನ್ನು ವಿಂಗಡಿಸಲು ಯುನೆಸ್ಕೋದ ನೆರವಿನಿಂದ ಕೊಚ್ಚಿಯಲ್ಲಿ 1962ರಲ್ಲಿ ಒಂದು ಜೀವಶಾಸ್ತ್ರ ಕೇಂದ್ರವು ಸ್ಥಾಪನೆಯಾಯಿತು. ಅಲ್ಲಿ ತರುಣ ಸಂಶೋಧಕರು ಸೂಕ್ಷ್ಮದರ್ಶಕದ ಕೆಳಗೆ ವರ್ಷಗಟ್ಟಲೆ ಕುಳಿತು ಜಾತಿಜಾತಿಗಳನ್ನು ಬೇರ್ಪಡಿಸಿದರು. ಅವರ ಶ್ರಮದಿಂದ ಸಿದ್ಧವಾದ ನಕಾಶೆಗಳು ಸೊಮಾಲಿಯಾ, ಅರೇಬಿಯಾ ಮತ್ತು ಭಾರತದ ನೈಋತ್ಯ ಕರಾವಳಿಗಳ ಮುಂದೆ ಮುಂಗಾರಿನಲ್ಲಿ ಪ್ಲವಕ ಸಮೃದ್ಧಿಯಿರುವುದನ್ನು ತೋರಿಸಿದವು. ಈ ಅನ್ವೇಷಣೆಯ ಭಾರತೀಯ ಮುಖ್ಯಸ್ಥರಾಗಿದ್ದ ಎನ್. ಕೆ. ಪಣಿಕ್ಕರ್ ಅವರೇ 1966ರ ಜನವರಿ 1ರಂದು ಆರಂಭವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕರಾದರು. ನಮ್ಮ ರಾಜ್ಯದಲ್ಲಿ ಕಾರವಾರ ಮತ್ತು ಮಂಗಳೂರುಗಳ ಮೀನುಗಾರಿಕೆ ಸಂಶೋಧನಾ ಕೇಂದ್ರಗಳೂ, 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಕಾಲೇಜೂ, ಕಾರವಾರದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವೂ ಈ ಕೆಲಸವನ್ನು ಮಾಡುತ್ತ ಬಂದಿವೆ.

ಇಲ್ಲೊಂದು ತೊಡಕನ್ನು ಹೇಳದಿದ್ದರೆ ವಿಷಯಕ್ಕೆ ನ್ಯಾಯವಾಗದು. ಪ್ಲವಕಗಳ ಬೆಳೆ ಏಳುವುದು ಜೂನ್-ಆಗಸ್ಟ್‌ನಲ್ಲಿ. ಸಣ್ಣ ದೋಣಿಯಲ್ಲಿ ಹೋಗಿ ಬಲೆಯಿಳಿಸುವುದು ಅಸಾಧ್ಯವಾಗಿರುವುದೂ ಆ ತಿಂಗಳುಗಳಲ್ಲಿಯೇ. ಅಲೆಗಳು ಬಂದರಿನ ಬಾಯನ್ನೇ ಮುಚ್ಚುತ್ತವೆ. ಆದ್ದರಿಂದ ಕರಾವಳಿಯ ಹಳೆಯ ದಾಖಲೆಗಳಲ್ಲಿ ಅತಿ ಮುಖ್ಯವಾದ ತಿಂಗಳುಗಳ ಕೋಷ್ಟಕಗಳೇ ಅನೇಕ ಸಲ ಖಾಲಿಯಾಗಿವೆ. ಬಿತ್ತನೆಯ ವಾರಗಳನ್ನು ಬಿಟ್ಟು ಉಳಿದ ದಿನಗಳಲ್ಲಿ ಮಾತ್ರ ಹೊಲಕ್ಕೆ ಹೋದವನು ಬೆಳೆಯ ವಿಷಯ ಬರೆದಂತೆ ಇದು.

ಖಾಲಿ ಕೋಷ್ಟಕಗಳು ಬರಿಯ ಪಂಡಿತರ ಚಿಂತೆಯಲ್ಲ. ತುಳುವಿನಲ್ಲಿ ಬೂತಾಯಿ, ಕಾರವಾರದ ಕಡೆ ತಾರ್ಲೆ ಎನಿಸಿಕೊಳ್ಳುವ ಮೀನೂ, ಬಂಗಡೆಯೂ ಕರಾವಳಿಯ ಲಕ್ಷಾಂತರ ಬಡವರ ಜೀವನಾಧಾರ. ಬೆಳೆದ ಬೂತಾಯಿಯು ಮುಖ್ಯವಾಗಿ ಡಯಾಟಮ್‌ಗಳನ್ನೂ, ಬಂಗಡೆಯು ಹೆಚ್ಚಾಗಿ ಕೋಪಿಪಾಡ್ ಮೊದಲಾದ ಪ್ರಾಣಿಪ್ಲವಕಗಳನ್ನೂ ತಿನ್ನುತ್ತವೆ. ಎರಡರ ಮರಿಗಳಿಗೂ ಪ್ರಾಣಿಪ್ಲವಕಗಳ ಎಳೆಯ ಮರಿಗಳೇ ಆಹಾರ. ಬೂತಾಯಿಯು ತತ್ತಿಯಿಡುವುದು ಮಳೆಗಾಲದಲ್ಲಿ. ತತ್ತಿಯೊಡೆದ ಮರಿಯು ತನ್ನ ಹೊಟ್ಟೆಗಂಟಿದ ಬುತ್ತಿಯ ಮೇಲೆ ಕೆಲವೇ ದಿನ ಬದುಕಬಲ್ಲದು. ಆ ದಿನಗಳೊಳಗೆ ಸುತ್ತಲಿನ ನೀರಿನಲ್ಲಿ ತಕ್ಕ ಗಾತ್ರದ ಆಹಾರವಿರಬೇಕು. ನೀರು ಮೇಲೇಳುವುದು ಎರಡು ವಾರ ತಡವಾದರೆ, ಅಥವಾ ಪ್ರವಾಹವು ಮರಿಗಳನ್ನು ಒಂದೆಡೆಗೂ ಆಹಾರವನ್ನು ಇನ್ನೊಂದೆಡೆಗೂ ಒಯ್ದರೆ, ಇಡೀ ವರ್ಷದ ಪೀಳಿಗೆಯೇ ಕ್ಷೀಣಿಸಬಹುದು. ಈ ವಿಚಾರವನ್ನು ನಾರ್ವೆಯ ಯೋಹಾನ್ ಯೋರ್ಟ್ 1914ರಲ್ಲಿಯೇ ಮಂಡಿಸಿದ್ದನು.

1940ರ ದಶಕದಲ್ಲಿ ಮಲಬಾರ್ ಮತ್ತು ದಕ್ಷಿಣ ಕನ್ನಡದ ಕಡಲಿನಿಂದ ಬೂತಾಯಿಯು ವರ್ಷಗಟ್ಟಲೆ ಕಣ್ಮರೆಯಾದಾಗ, ಅತಿಯಾಗಿ ಹಿಡಿದುದೇ ಕಾರಣವೆಂದು ಬಗೆದ ಮದರಾಸು ಸರಕಾರವು 1943ರಲ್ಲಿ ಕೆಲವು ಬಲೆಗಳ ಮೇಲೆ ನಿರ್ಬಂಧವನ್ನು ಹೇರಿತು. ತೀರ ಈಚೆಗೆ, ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ನಿನಷ್ಟು ಸಿಕ್ಕಿದ್ದ ಈ ಮೀನು 2021ರಲ್ಲಿ 3,297 ಟನ್ನಿಗೆ ಇಳಿಯಿತು. ಮುಂದಿನ ವರ್ಷಗಳಲ್ಲಿ ಮತ್ತೆ ಹೆಚ್ಚಿತು. ಇದರಲ್ಲಿ ಬಲೆಯ ಪಾಲೆಷ್ಟು, ಎಲ್ ನಿನೊ ಮೊದಲಾದ ಹವಾಮಾನದ ಏರುಪೇರಿನ ಪಾಲೆಷ್ಟು, ಹಸಿದು ಸತ್ತ ಮರಿಗಳ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳಬೇಕಾದರೆ ಮಳೆಗಾಲದ ಪ್ಲವಕಗಳ ಎಡೆಬಿಡದ ಲೆಕ್ಕ ಬೇಕು. ಈಗ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿದೆ. ಆ ಅವಧಿಯು ತತ್ತಿಯ ಕಾಲಕ್ಕೆ ಬಹುಮಟ್ಟಿಗೆ ಹೊಂದುತ್ತದೆ. ಮರಿಗಳ ಹಸಿವಿನ ಕಾಲಕ್ಕೆ ಎಷ್ಟರಮಟ್ಟಿಗೆ ಹೊಂದುತ್ತದೆಂಬುದು ಬೇರೆ ಪ್ರಶ್ನೆ.

ಇನ್ನೊಂದು ಮಾತನ್ನು ಸಂಕೋಚದಿಂದಲೇ ಬರೆಯುತ್ತಿದ್ದೇನೆ. ಮಹಾದಾಯಿಯ ನೀರು ಸುಮ್ಮನೆ ಸಮುದ್ರಕ್ಕೆ ಹರಿದು ವ್ಯರ್ಥವಾಗುತ್ತಿದೆಯೆಂದು ನಮ್ಮ ಭಾಗದ ಸಭೆಗಳಲ್ಲಿ ಕೇಳುತ್ತೇವೆ, ನಾನೂ ಹೇಳಿದ್ದೇನೆ. 2018ರ ಆಗಸ್ಟಿನಲ್ಲಿ ನ್ಯಾಯಾಧಿಕರಣವು ಕಳಸಾ-ಬಂಡೂರಿಗಳಿಂದ ಮಲಪ್ರಭೆಗೆ 3.90 ಟಿ.ಎಂ.ಸಿ. ನೀರನ್ನು ಒಪ್ಪಿತು, ಬೇಸಿಗೆಯಲ್ಲಿ ಕೊಡ ಹಿಡಿದು ಸಾಲುನಿಂತ ತಾಯಂದಿರನ್ನು ಕಂಡವನು ಆ ಬೇಡಿಕೆಯನ್ನು ಅಲ್ಲಗಳೆಯಲಾರನು. ನೀರು ಬೇಕು. ಆದರೆ ಅದೇ ಮಹಾದಾಯಿಯು ಗೋವೆಯಲ್ಲಿ ಮಾಂಡವಿಯಾಗಿ ಕಡಲನ್ನು ಸೇರುವ ಅಳಿವೆಯಲ್ಲಿ, ಸಿಹಿನೀರು ಏರಿ ಇಳಿಯುವುದಕ್ಕೆ ಅನುಸಾರವಾಗಿ ಪ್ರಾಣಿಪ್ಲವಕಗಳ ಸಂಸಾರವೇ ಬದಲಾಗುತ್ತದೆ. ಮಳೆಗಾಲದಲ್ಲಿ ಕಡಲಿನ ಜಾತಿಗಳು ಹೊರದೂಡಲ್ಪಟ್ಟು ಸಿಹಿನೀರಿನ ಜಾತಿಗಳು ಇಳಿದುಬರುತ್ತವೆ. ಮಳೆ ನಿಂತಂತೆ ಉಪ್ಪುನೀರಿನವು ಮತ್ತೆ ಒಳಬಂದು, ಸಿಗಡಿ-ಮೀನುಗಳ ಮರಿಗಳಿಗೆ ಆಹಾರವಾಗುತ್ತವೆ. ಆದ್ದರಿಂದ ವ್ಯರ್ಥ ಎಂಬ ಆ ಒಂದು ಶಬ್ದವನ್ನು ತರಗತಿಯಲ್ಲಿ ಬಳಸುವುದನ್ನು ನಾನು ಬಿಟ್ಟಿದ್ದೇನೆ. ಬೇಡಿಕೆಯ ನ್ಯಾಯಕ್ಕೆ ಆ ಶಬ್ದದ ಆಸರೆ ಬೇಕಾಗಿಲ್ಲ.

ಪ್ರಯೋಗವಾಗಿ ಮಾಡಿ ನೋಡಬಯಸುವ ಅಧ್ಯಾಪಕ ಮಿತ್ರರಿಗೆ ಕೊನೆಯದಾಗಿ ಒಂದೆರಡು ಸೂಚನೆಗಳು. ತಂತಿಯ ಬಳೆಗೆ ತೆಳುವಾದ ಮಲ್ಲು ಬಟ್ಟೆಯ ಚೀಲವನ್ನು ಹೊಲಿದು, ಕೆಳತುದಿಯಲ್ಲಿ ಔಷಧದ ಸಣ್ಣ ಬಾಟಲಿಯನ್ನು ಕಟ್ಟಿದರೆ ಬಲೆ ಸಿದ್ಧವಾಯಿತು. ಕೆರೆಯ ಒಂದೇ ಸ್ಥಳದಲ್ಲಿ, ಒಂದೇ ಹೊತ್ತಿನಲ್ಲಿ ಹತ್ತು ಕೊಡ ನೀರನ್ನು ಅದರಲ್ಲಿ ಸುರುವಿ, ಬಾಟಲಿಯೊಳಗಿನ ಜೀವಿಗಳನ್ನು ಕೈಮಸೂರದ ಕೆಳಗೆ ಎಣಿಸಿ ದಿನಾಂಕದೊಂದಿಗೆ ಬರೆದಿಡಬೇಕು. ನಮ್ಮ ಎಂಟನೆಯ ಇಯತ್ತೆಯ ಮಕ್ಕಳು ಹದಿನೈದು ದಿನಗಳಿಗೊಮ್ಮೆ ಒಂದೊಂದು ನಕ್ಷತ್ರದ ಮಳೆಗೆ ಹೀಗೆ ಎಣಿಸುತ್ತಿದ್ದಾರೆ. ಆರಿದ್ರಾ ಮಳೆಯ ಸಾಲಿನಲ್ಲಿ ಅಂಕಿಯಿಲ್ಲ. ಆ ದಿನ ಮಳೆ ಜೋರಾಗಿದ್ದುದರಿಂದ ಯಾರೂ ಕೆರೆಗೆ ಹೋಗಿರಲಿಲ್ಲ.